ಮೇಲಕ್ಕೆ ಹರಿದ ಮರಳು

ನಮ್ಮ ಸೋದರಮಾವನಿಗೆ ದೇವರ ಮೇಲೆ ನಂಬಿಕೆ ಇದೆ, ರಾಜಕಾರಣಿಗಳ ಮೇಲೂ ಅಷ್ಟಿಷ್ಟು ಇದೆ. ನೆಲದ ಮೇಲೆ ಮಾತ್ರ ಕಿಂಚಿತ್ತೂ ಇಲ್ಲ. ಕಳ್ಳಂಬೆಳ್ಳದಲ್ಲಿ ಮನೆ ಕಟ್ಟಿಸುವಾಗ ಮೇಸ್ತ್ರಿ, "ಪಾಯ ಎಷ್ಟಡಿ ತೆಗೀಲಿ ಸಾ?" ಎಂದರೆ, "ಎಷ್ಟಡಿ ತೆಗುದ್ರೂ ಕೆಳಗಿರೋದು ಸುಮ್ನಿರಲ್ಲ ಕಣಪ್ಪ" ಎಂದರಂತೆ. ಮಾರನೆಯ ದಿನ ಮೇಸ್ತ್ರಿ ಪೂಜಾರಿಯನ್ನು ಜೊತೆಗೆ ಕರೆದುಕೊಂಡು ಬಂದ!

ಮಾವ ನಡುಸಮುದ್ರದಲ್ಲಿ ಎಣ್ಣೆಬಾವಿ ಕೊರೆಯುವಲ್ಲಿ ಬಂಡೆ ಪರೀಕ್ಷಿಸುವ ಕೆಲಸದಲ್ಲಿದ್ದವರು. ನಿವೃತ್ತರಾಗಿ ಬರುವಾಗ ಬೇರೆಯವರು ಸೆಂಟು, ಚಾಕಲೇಟು ತಂದರೆ ಇವರು ತಂದದ್ದು ಮೊಳದುದ್ದದ ಒಂದು ಕಲ್ಲು. ಕಂಪನಿಯವರೇ ಬೇಡವೆಂದು ಕೊಟ್ಟದ್ದು. ಕಪ್ಪು ಜೇಡಿಗಲ್ಲು, ಅದರೊಳಗೆ ಬಿಳಿಚಿಕೊಂಡ ಮರಳುಗಲ್ಲಿನ ಪಟ್ಟೆಯೊಂದು ಬುಡದಿಂದ ಎದ್ದು, ಡೊಂಕಾಗಿ, ತುದಿಯಲ್ಲಿ ಕವಲೊಡೆದಿತ್ತು. ಹೂತ ಜಾಗದಿಂದ ಯಾರೋ ಕೈ ಚಾಚಿದ ಹಾಗೆ.

ಹಬ್ಬಕ್ಕೆ ಹೋದಾಗ ಅತ್ತೆ ಒಬ್ಬಟ್ಟು ತಟ್ಟುತ್ತಿದ್ದರು. ಮಾವ ಒಂದು ಉಂಡೆ ಎತ್ತಿಕೊಂಡು ನನಗೆ ಪಾಠ ಶುರುಮಾಡಿದರು. "ಹೂರಣ ಮರಳು, ಕಣಕ ಜೇಡಿ. ಕಡಲ ತಳದಾಗೆ ಮರಳಿನ ಮೇಲೆ ಜೇಡಿ ಮುಚ್ಕಂಡು ಒಳಗಿನ ನೀರು ಸಿಕ್ಕಾಕ್ಕಂತದೆ. ಮೇಲಿನ ಭಾರ ಹೆಚ್ಚಿ, ಒಂದಿನ ಭೂಮಿ ಅದುರ್ತು ಅನ್ನು, ಮರಳು ಗಂಜಿಯಂಗಾಗಿ ಜೇಡಿ ಸೀಳ್ಕಂಡು ಮೇಲಕ್ಕೆ ನುಗ್ತದೆ. ಅಲ್ಲೇ ಕಲ್ಲಾಗ್ತದೆ. ಆಮೇಲೆ ಎಣ್ಣೆ, ಗ್ಯಾಸು ಬಂದು ಅದ್ರಾಗೆ ತುಂಬ್ಕಂತದೆ. ಮರಳು ನುಗ್ಗೋದು ಇಂಗೆ, ನೋಡು." ಹೆಬ್ಬೆರಳಿನಿಂದ ಒತ್ತಿದರು. ಹೂರಣ ಕಣಕ ಹರಿದು ಅವರ ಕನ್ನಡಕಕ್ಕೇ ಹಾರಿತು.

"ಎಣ್ಣೆ ಸಿಕ್ತಾ?" ಎಂದರು ಅತ್ತೆ.

ಅದೇ ಅತ್ತೆ ನಡುಮನೆಯ ಮೂಲೆಯಲ್ಲಿದ್ದ ಆ ಕಲ್ಲಿಗೆ ಮಾತ್ರ ಹೆದರುತ್ತಿದ್ದರು. ಅದಕ್ಕೆ ಹಳೇ ಸೀರೆಯ ತುಂಡು ಹೊದಿಸಿದ್ದರು. "ಆ ಪಟ್ಟೆ ಬೆಳೀತೈತೆ ಕಣಪ್ಪ. ಬಟ್ಟೆ ಸರಿಮಾಡಿ ಒಳಕ್ಕೋಗಿ ಬಂದ್ರೆ ಜಾರಿರ್ತದೆ." ನಾನು ನಕ್ಕೆ.

ಊಟವಾದ ಮೇಲೆ ಅವರಿಬ್ಬರೂ ಪಕ್ಕದ ಮನೆಗೆ ಹೋದರು. ಕರೆಂಟು ಇರಲಿಲ್ಲ. ಕೆರೆಯ ಕಡೆಯಿಂದ ಒಂದು ಹಕ್ಕಿಯ ದನಿಯೂ ಇಲ್ಲ. ಸೀಮೆಎಣ್ಣೆಯಂಥ ವಾಸನೆ ತೆಳುವಾಗಿ ಬಂತು. ತಿರುಗಿ ನೋಡಿದರೆ ಬಟ್ಟೆ ನಿಧಾನವಾಗಿ, ಯಾರೋ ಎಳೆದಂತೆ, ಕಲ್ಲಿನಿಂದ ಜಾರುತ್ತಿತ್ತು. ಗಾಳಿ ಎಂದುಕೊಂಡೆ. ಕಿಟಕಿಯಾಚೆ ಬೇವಿನ ಎಲೆ ಅಲುಗುತ್ತಿರಲಿಲ್ಲ. ನಾನು ಓದಿದವನು, ಇಂಥದ್ದಕ್ಕೆಲ್ಲ ಹೆದರುತ್ತೇನೆಯೇ? ಬಿಸಿಲು ಚೆನ್ನಾಗಿದೆ ಎಂದುಕೊಂಡು ಅಂಗಳದಲ್ಲಿ ಕುಳಿತೆ.

ಮಾವ ಬಂದವರೇ ನನ್ನ ಮುಖ ನೋಡಿ ಪಕ್ಕದಲ್ಲಿ ಕುಳಿತರು.

"ಆ ಕಲ್ಲು ಸಿಕ್ಕಿದ ದಿನ ಜೇಡಿಯೊಳಗೆ ಕೊರೀತಿದ್ವಿ. ಮರಳು ಇನ್ನೂ ಬಲು ಕೆಳಗದೆ ಅಂತ ನಮ್ಮ ಲೆಕ್ಕ. ಇದ್ದಕ್ಕಿದ್ದಂಗೆ ಬೈರಿಗೆ ಸರ್ರನೆ ಇಳುದ್ಬುಡ್ತು. ಇರಬಾರದ ಜಾಗದಾಗೆ ಮರಳು, ಅದ್ರ ತುಂಬ ಗ್ಯಾಸು. ಬಾವಿ ಬಾಯಿ ಮುಚ್ಚಿ ನಿಂತ್ವಿ. ಸುತ್ತ ಮಂಜು, ಕಾಲ ಕೆಳಗಿನ ಕಡಲೇ ಕಾಣಲ್ಲ. ಆಮೇಲೆ ಕಲ್ಲು ತೆಗ್ದು ಮೇಜಿನ ಮೇಲಿಟ್ರೆ ಒಳಗಿಂದ ಟಿಕ್ ಟಿಕ್ ಅಂತಿತ್ತು. ಗ್ಯಾಸು ಬುಡ್ತದೆ ಅಂತ ಗೊತ್ತು ಕಣ್ಲಾ. ಆದ್ರೂ ಅದ್ರ ಜೊತೆ ಒಳಗೆ ಕೂತು ಯಾರೂ ಬಾಗಿಲಾಕಲಿಲ್ಲ."

"ಮರಳು ಮೇಲಿಂದ ಬಿರುಕಿಗೆ ಸುರಿದಿರಬಹುದಲ್ಲ ಮಾವ?"

"ಕೆಳಗಿನ ಜೇಡಿ ಚೂರೆಲ್ಲ ಅದ್ರಾಗವೆ. ಬಾಗಿಲು ಮುರ್ಕಂಡು ಬಂದೋನ ಮೈಗೆ ಬಾಗಿಲ ಸಿಬರು ಅಂಟಿರಲ್ವೇನ್ಲಾ?"

ಅಂದು ಸಂಜೆಯ ಬಸ್ಸಿಗೇ ನಾನು ಶಿರಾದ ನನ್ನ ಮನೆಗೆ ಹೊರಟುಬಿಟ್ಟೆ.

ಕಳೆದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ನಿಂತಿತು. ಮತ್ತೆ ಮಾತು ಬರುವ ಭರವಸೆಯನ್ನು ಡಾಕ್ಟರು ಕೊಡಲಿಲ್ಲ. ಅಂದಿನಿಂದ ಮಾವನೂ ಬಾಯಿ ಬಿಡುವುದನ್ನೇ ಬಿಟ್ಟರು. ಅಡುಗೆ ಮಾಡುವರು, ಅತ್ತೆಯ ತಲೆ ಬಾಚುವರು. ಬಂದವರು ಕೆಣಕಿದರೂ ಮರಳಿನ ಸುದ್ದಿ ಎತ್ತರು. ಆ ಮನೆಯ ಮೌನಕ್ಕೆ ನಾನು ಕಲ್ಲಿಗಿಂತ ಹೆಚ್ಚು ಹೆದರಿದೆ.

ಒಂದು ಮಧ್ಯಾಹ್ನ ಎಳನೀರು ತೆಗೆದುಕೊಂಡು ಹೋದೆ. ಮಾವ ಚಮಚದಲ್ಲಿ ರಾಗಿ ಅಂಬಲಿ ಕುಡಿಸುತ್ತಿದ್ದರು. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು. ತುಟಿ ಅದುರಿತು. ಗಂಟಲಲ್ಲಿ ಏನೋ ಕಿತ್ತುಕೊಂಡು ಬಂದ ಹಾಗೆ ಒರಟಾದ, ಯಾರದೋ ಎಂಬಂಥ ದನಿ ಹೊರಟಿತು.

"ಉಂಡ್ರಾ?"

ಮಾವನ ಕೈಯಲ್ಲಿ ಚಮಚ ನಿಂತುಬಿಟ್ಟಿತು. "ಉಂಡೆ ಕಣೆ" ಎಂದರು. ಒಲೆಯ ಮೇಲೆ ಅನ್ನದ ಪಾತ್ರೆಯೇ ಇರಲಿಲ್ಲ.

ಅತ್ತೆ ನಂಬಲಿಲ್ಲವೆಂದು ಕಾಣುತ್ತದೆ, ನೋಡುತ್ತಲೇ ಇದ್ದರು. ಮಾವ ತಲೆ ತಗ್ಗಿಸಿ, ಅತ್ತೆಯ ಬಟ್ಟಲಲ್ಲಿ ಉಳಿದಿದ್ದ ಅಂಬಲಿಯನ್ನು ಅವರ ಕಣ್ಣೆದುರೇ ಕುಡಿದರು.