ಗುಡ್ಡ ಹತ್ತಿದ ಸೈಕಲ್ಲುಗಳು

ಗುಡ್ಡದ ಸೀಮೆಗೆ ಸೈಕಲ್ ತಂದರೆ ಏನಾದರೊಂದು ಆಗದೆ ಇರುವುದಿಲ್ಲ. ನಮ್ಮ ಕಡೆ ಸೈಕಲ್ ಇದ್ದವರೂ ಅರ್ಧ ದಾರಿ ಅದನ್ನು ತಳ್ಳಿಕೊಂಡೇ ಹೋಗುತ್ತಿದ್ದರು. ಅಂಥಾದ್ದರಲ್ಲಿ ಒಂದು ಚಳಿಗಾಲ, ಕುಶಾಲನಗರದಿಂದ ಕಕ್ಕಬೆವರೆಗೆ ಮೂರು ಹಂತದ ಸೈಕಲ್ ಪಂದ್ಯ ನಡೆದೇಬಿಟ್ಟಿತು. ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲ ಅದು. ಮೈಸೂರಿನಿಂದ ಬಂದವರೂ ನಮಗೆ ಹೊರರಾಜ್ಯದವರೇ. ಬಂದವರೆಲ್ಲ ಸಂಬಳಕ್ಕೆ ಸೈಕಲ್ ತುಳಿಯುವವರು, ಅದೇ ಅವರ ಕಸುಬು. ನಾನು ಸೋಮವಾರಪೇಟೆಯಲ್ಲಿ ಕಾಂಪೌಂಡರ್ ಆಗಿದ್ದೆ. ಬಿದ್ದವರಿಗೆ ಪಟ್ಟಿ ಕಟ್ಟಲು ನನ್ನನ್ನು ಒಂದು ಲಾರಿಯಲ್ಲಿ ಕೂರಿಸಿ ಅವರ ಹಿಂದೆ ಕಳಿಸಿದರು.

ಇರೋದೊಂದು ಬ್ರೇಕು

ಕುಶಾಲನಗರದಲ್ಲಿ ಸವಾರರು ಸಾಲಾಗಿ ನಿಂತಿದ್ದರು. ಹಾಸನದ ಕಡೆಯಿಂದ ಬಂದು ಅಲ್ಲಿ ಬೇಸಾಯ ಹೂಡಿದ್ದ ಅಜ್ಜನೊಬ್ಬ ಮೈಸೂರಿನ ಸವಾರನ ಸೈಕಲ್ಲನ್ನು ಸುತ್ತು ಹಾಕಿ ನೋಡಿದ.

"ಏನಪ್ಪಾ ಇದು, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರ್ರೂ ಇಲ್ಲ! ಬ್ರೇಕಾದ್ರೂ ಐತಾ?"

"ಇದೆ ಅಜ್ಜಾ."

ಅಜ್ಜ ಹತ್ತಿರ ಬಂದು ದನಿ ತಗ್ಗಿಸಿದ. "ಹಂಗಾದ್ರೆ ಸೋಮವಾರಪೇಟೆ ಸಂತೇಲಿ ಇದನ್ನ ಎಲ್ಲೂ ನಿಲ್ಲಿಸ್ಬೇಡ. ಮಿಕ್ಕಿದ್ದೆಲ್ಲ ಬಿಚ್ಕೊಂಡೋರು ಬ್ರೇಕ್ ಬಿಡ್ತಾರಾ?"

ಪಾಪದ ಹುಡುಗ

ಸೋಮವಾರಪೇಟೆಯ ಏರನ್ನು ಆ ಮೈಸೂರಿನವನು ಹತ್ತಿದ್ದನ್ನು ನೋಡಬೇಕಿತ್ತು. ನಮ್ಮ ಲಾರಿ ಗೇರು ಬದಲಿಸಿ ನರಳುತ್ತಿತ್ತು. ಅವನು ಸೀಟಿನಿಂದ ಎದ್ದು ನಿಂತು ತುಳಿಯುತ್ತ ಮುಂದೆ ಮುಂದೆ ಹೋಗುತ್ತಿದ್ದ. ಡ್ರೈವರಂತೂ ನಾಚಿಕೆಯಿಂದ ಹಾರ್ನ್ ಒತ್ತುವುದನ್ನೇ ಬಿಟ್ಟಿದ್ದ.

ಆ ಸಂಜೆ ಸವಾರನಿಗೆ ಊಟ ನಮ್ಮ ಬೀದಿಯ ಏಲಕ್ಕಿ ವ್ಯಾಪಾರಿಯ ಮನೆಯಲ್ಲಿ. ನನ್ನನ್ನೂ ಕರೆದಿದ್ದರು. ಯಜಮಾನರು ವಿಭೂತಿ ಹಚ್ಚಿಕೊಂಡು ಬಂದು ಕೂತು ವಿಚಾರಿಸಿದರು.

"ತಮ್ಮದು ಏನು ಕೆಲಸ?"

"ಸೈಕಲ್ ತುಳಿಯೋದು."

"ಅದು ಸರಿ. ಕೆಲಸ?"

"ಅದೇ ಕೆಲಸ. ನಾಳೆ ಮಡಿಕೇರಿಗೆ ತುಳೀತೀನಿ."

"ಮಡಿಕೇರೀಲಿ ಏನು ಕೆಲಸ?"

"ಏನೂ ಇಲ್ಲ. ನಾಡಿದ್ದು ಅಲ್ಲಿಂದ ಕಕ್ಕಬೆಗೆ."

"ಕಕ್ಕಬೇಲಿ?"

"ಅಲ್ಲೂ ಏನೂ ಇಲ್ಲ."

ಯಜಮಾನರು ಅಡುಗೆಮನೆಯ ಕಡೆ ತಿರುಗಿ, "ಲೇ, ಇನ್ನೆರಡು ಅಕ್ಕಿರೊಟ್ಟಿ ಹಾಕೇ. ಹುಡುಗನಿಗೆ ಎಲ್ಲೂ ಕೆಲಸ ಸಿಕ್ಕಿಲ್ಲ" ಅಂದರು.

ಮಾದಾಪುರದ ಕಾಫಿ

ಮರುದಿನ ಮಾದಾಪುರದ ಹತ್ತಿರ ಮೈಸೂರಿನವನೇ ಮುಂದಿದ್ದ. ಮದರಾಸಿನ ಸವಾರ ಅವನ ಬೆನ್ನು ಹತ್ತಿದ್ದ. ಎಸ್ಟೇಟಿನವರು ಕಾಫಿ ಹಣ್ಣಿನ ಪಿಕ್ಕಿಂಗ್ ಬಿಟ್ಟು ರಸ್ತೆಬದಿಗೆ ಬಂದು ನಿಂತಿದ್ದರು. ಮೈಸೂರಿನವನು ನಿಧಾನ ಮಾಡಿ "ನೀರು, ನೀರು" ಎಂದು ಕೈ ಚಾಚಿದ. ವಯಸ್ಸಾದ ಹೆಂಗಸೊಬ್ಬಳು ಅವನ ಹ್ಯಾಂಡಲ್ಲನ್ನೇ ಗಟ್ಟಿಯಾಗಿ ಹಿಡಿದು ನಿಲ್ಲಿಸಿದಳು.

"ಬೆವರಿರೋವಾಗ ತಣ್ಣೀರು ಕುಡೀಬಾರ್ದು. ಬೆಲ್ಲದ ಕಾಫಿ ಇದೆ, ಕುಡಿ."

"ಅಮ್ಮಾ, ಬಿಡಿ! ಹಿಂದೆ ಬರ್ತಿದ್ದಾರೆ!"

"ಬರಲಿ ಬಿಡು. ಅವರಿಗೂ ಇದೆ."

ಕಾಫಿಯೋ ಕೆಂಡದಂತೆ ಸುಡುತ್ತಿತ್ತು. ಇವನು ಊದುತ್ತ ನಿಂತಿರುವಾಗಲೇ ಮದರಾಸಿನವನು ತಿರುವಿನಲ್ಲಿ ಕಾಣಿಸಿಕೊಂಡ. ಕತೆ ಮುಗಿಯಿತು ಅಂದುಕೊಂಡೆ. ಆದರೆ ಅವನು ದಾಟಿ ಹೋಗಲಿಲ್ಲ. ಬ್ರೇಕ್ ಹಾಕಿ ಇಳಿದು, ತಾನೂ ಒಂದು ಲೋಟ ಇಸಕೊಂಡು, ಇವನ ಪಕ್ಕದಲ್ಲೇ ನಿಂತು ಊದತೊಡಗಿದ. ಇಬ್ಬರೂ ಲೋಟ ಕೊಟ್ಟು, ಅಮ್ಮನಿಗೆ ಕೈ ಮುಗಿದು, ಒಟ್ಟಿಗೆ ಹೊರಟರು.

ಯಾಕೆ ದಾಟಿ ಹೋಗಲಿಲ್ಲ ಎಂದು ಮಡಿಕೇರಿಯಲ್ಲಿ ಮದರಾಸಿನವನನ್ನು ಕೇಳಿದೆ. ತಮಿಳು ಬೆರೆಸಿದ ಕನ್ನಡದಲ್ಲಿ ಅವನೆಂದ: "ಅವನ್ನ ಒಬ್ಬಳು ಪಾಟಿ, ಅಜ್ಜಿ, ಹಿಡ್ಕೊಂಡಿರೋವಾಗ ನಾನು ಗೆದ್ರೆ, ಅದು ಪಾಟಿ ಗೆದ್ದ ಹಾಗೆ ಸಾರ್." ನಕ್ಕು ಸೇರಿಸಿದ, "ವಾಸನೆ ಬೇರೆ ಚೆನ್ನಾಗಿತ್ತು."

ಎರಡನೆಯವರು

ಕೊನೆಯ ಹಂತ ಕಕ್ಕಬೆಗೆ. ಎರಡು ದಿನದ ಹೊತ್ತು ಕೂಡಿಸಿದಾಗ ಆ ಇಬ್ಬರ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಯಾರು ಮೊದಲು ಗೆರೆ ದಾಟುತ್ತಾರೋ ಪಂದ್ಯ ಅವರದ್ದು. ಮೈಸೂರಿನವನು ಮುಂದಿದ್ದ, ಮದರಾಸಿನವನು ಹಿಂದೆ ಕಣ್ಣಿಗೂ ಕಾಣುತ್ತಿರಲಿಲ್ಲ. ಕಕ್ಕಬೆ ಕಣ್ಣಿಗೆ ಬಿತ್ತು ಅನ್ನುವಾಗ ಅವನ ಮುಂದಿನ ಚಕ್ರ ಎತ್ತಿನಗಾಡಿ ಕೊರೆದ ಹಳ್ಳಕ್ಕೆ ಇಳಿಯಿತು. ಅವನು ಹಾರಿ ಬಿದ್ದ. ಚಕ್ರ ಹಪ್ಪಳದ ಹಾಗೆ ಸೊಟ್ಟಗಾಯಿತು. ಬದಲಿ ಸೈಕಲ್ಲಿನ ವ್ಯಾನು ನಾಪೋಕ್ಲು ಹತ್ತಿರ ಎಮ್ಮೆಗಳ ಮಧ್ಯೆ ಸಿಕ್ಕಿಕೊಂಡಿತ್ತು.

ನಾನು ಟಿಂಚರ್ ಬಾಟಲಿ ಹಿಡಿದು ಲಾರಿಯಿಂದ ಧುಮುಕಿದೆ. ಅವನ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು.

"ಕೂತ್ಕೊಳಿ, ಪಟ್ಟಿ ಕಟ್ತೀನಿ."

"ಕೂತರೆ ಸೋತೆ ಸಾರ್" ಅಂದವನೇ ಸೈಕಲ್ಲನ್ನು ಹೆಗಲಿಗೇರಿಸಿ ಓಡತೊಡಗಿದ.

ಆ ಏರಿನಲ್ಲಿ, ಆ ಕಾಲಿನಲ್ಲಿ, ಹೆಗಲ ಮೇಲೆ ಕಬ್ಬಿಣ ಹೊತ್ತು ಓಡಿದವನನ್ನು ನಾನು ಇವತ್ತಿಗೂ ಮರೆತಿಲ್ಲ. ಆದರೆ ಅವತ್ತು ನನಗಿದ್ದದ್ದು ಒಂದೇ ಚಿಂತೆ, ಗಾಯಕ್ಕೆ ಔಷಧಿ ಹಚ್ಚಬೇಕು. "ನಿಲ್ರೀ, ನಿಲ್ರೀ" ಎಂದು ಪಂಚೆ ಎತ್ತಿ ಕಟ್ಟಿಕೊಂಡು ನಾನೂ ಹಿಂದೆಯೇ ಓಡಿದೆ.

ಗೆರೆಯ ಬಳಿ ತೀರ್ಪು ಹೇಳಲು ನಿಂತಿದ್ದವರು ಮೀಸೆ ತಿರುವಿದ ನಿವೃತ್ತ ಸುಬೇದಾರರು. ವಾಲಗ ಮೊಳಗಿತು. ಮೈಸೂರಿನವನು ಗೆರೆ ದಾಟಿ ಸೈಕಲ್ ಸಮೇತ ಕುಸಿದ. ಜನರಲ್ಲಿ ಗುಸುಗುಸು ಎದ್ದಿತು. ಇದು ಸೈಕಲ್ ಪಂದ್ಯವೋ ಓಟದ ಪಂದ್ಯವೋ?

ಸುಬೇದಾರರು ಕೈ ಎತ್ತಿದರು. "ಸವಾರನೂ ಸೈಕಲ್ಲೂ ಒಟ್ಟಿಗೆ ಗೆರೆ ದಾಟಬೇಕು ಅನ್ನೋದು ನಿಯಮ. ಯಾರು ಯಾರ ಮೇಲೆ ಕೂತಿರಬೇಕು ಅಂತ ಎಲ್ಲೂ ಹೇಳಿಲ್ಲ. ಇವನೇ ಮೊದಲು!"

ಅಷ್ಟರಲ್ಲಿ ಏದುಸಿರು ಬಿಡುತ್ತ ನಾನು ಬಂದೆ. ಸುಬೇದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, "ಭೇಷ್! ಇವರ ಸೈಕಲ್ ಪೂರ್ತಿ ಪುಡಿಯಾಗಿದೆ. ಆದರೂ ಬಿಡಲಿಲ್ಲ ನೋಡಿ!" ಎಂದು ಹಾರ ಹಾಕಿಯೇಬಿಟ್ಟರು. ಮಾತಾಡೋಣವೆಂದರೆ ನನಗೆ ಉಸಿರೇ ಇಲ್ಲ. ಟಿಂಚರ್ ಬಾಟಲಿ ಎತ್ತಿ ತೋರಿಸಿದೆ. ಬಹುಮಾನ ಎತ್ತಿ ತೋರಿಸುತ್ತಿದ್ದಾನೆಂದು ಜನ ಚಪ್ಪಾಳೆ ತಟ್ಟಿದರು.

ಅದರ ನಡುವೆಯೇ ಮದರಾಸಿನವನು ತುಳಿದುಕೊಂಡು ಬಂದು ಗೆರೆ ದಾಟಿದ. ನೆಲದ ಮೇಲಿದ್ದ ಗೆಳೆಯನನ್ನು ನೋಡಿದ, ಮುರಿದ ಸೈಕಲ್ ನೋಡಿದ, ಎಲ್ಲ ಅರ್ಥವಾಯಿತು. ಬಗ್ಗಿ ಅವನನ್ನು ಎಬ್ಬಿಸಿ ತಬ್ಬಿಕೊಂಡ. ಸುಬೇದಾರರು ಗಂಭೀರವಾಗಿ ಕೇಳಿದರು: "ತೀರ್ಪಿನ ಮೇಲೆ ನಿಮ್ಮದೇನಾದರೂ ತಕರಾರಿದೆಯೇ?"

ಅವನು ನನ್ನ ಕೊರಳಿನ ಹಾರ, ಎತ್ತಿ ಕಟ್ಟಿದ ಪಂಚೆ, ಕೈಯ ಬಾಟಲಿ ಎಲ್ಲವನ್ನೂ ನಿಧಾನವಾಗಿ ನೋಡಿದ.

"ಮೊದಲು ಬಂದವರ ಮೇಲೆ ಏನೂ ಇಲ್ಲ ಸಾರ್" ಅಂದ. "ಆದರೆ ಈ ಎರಡನೆಯವರು ನನ್ನನ್ನು ಎಲ್ಲಿ ಹಿಂದೆ ಹಾಕಿದ್ರು ಅಂತ ಮಾತ್ರ ನೆನಪಾಗ್ತಿಲ್ಲ."