ಚಾಕಲೇಟಿಗೆ ಕಾವು ಕೂತ ಹೇಂಟೆಯವರ ಸನ್ನಿಧಿಗೆ

ಪಕ್ಕದ ಮನೆಯ ಟೈಲರಮ್ಮನವರ ಹಿತ್ತಿಲಿನಲ್ಲಿ ಸುಖವಾಗಿ ವಾಸವಾಗಿರುವ, ಕಂದು ಗರಿಯ, ಕೆಂಪು ಜುಟ್ಟಿನ ಮಾನ್ಯರೇ,

ನಮಸ್ಕಾರಗಳು. ಇವತ್ತು ನನ್ನ ವಾರದ ಉಪವಾಸ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ನೀರು ತುಂಬಿ, ದೇವರಿಗೆ ದೀಪ ಹಚ್ಚಿ, ಬಟ್ಟೆ ಒಗೆದು ಹರವಿ, ಬರಿಹೊಟ್ಟೆಯಲ್ಲಿ ಸುಳ್ಳು ಬರೆಯಬಾರದೆಂಬ ಭಯವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರಕ್ಕೆ ಕೂತಿದ್ದೇನೆ. ತಮಗೆ ಓದು ಬರುವುದಿಲ್ಲವೆಂದು ನನ್ನ ಅಳಿಯ ಹೇಳುತ್ತಾನೆ. ಅವನ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಳ್ಳಿ ಶಾಲೆಯಲ್ಲಿ ಕಲಿತ ನನಗೂ ಓದು ಬರುವುದಿಲ್ಲವೆಂದೇ ಅವನು ಬಹಳ ಕಾಲ ತಿಳಿದಿದ್ದ. ಆದರೂ ಎಲ್ಲಾದರೂ ಅಕ್ಷರ ತೊಡಕಾದರೆ ದಾರಿಯಲ್ಲಿ ಹೋಗುವವರು ಓದಿ ಹೇಳಲಿ ಎಂದು ಇದನ್ನು ಬಹಿರಂಗವಾಗಿ, ನಮ್ಮಿಬ್ಬರ ನಡುವಿನ ಗೋಡೆಗೇ ಅಂಟಿಸುತ್ತಿದ್ದೇನೆ.

ವಿಷಯ ನನ್ನ ಮೊಮ್ಮಗಳ ಐದನೇ ಹುಟ್ಟುಹಬ್ಬದ್ದು. ನಡೆಯಲು ಕಲಿತಂದಿನಿಂದ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಬೆಳೆದ ಮಗುವದು. ನಾನು ನಲ್ಲಿಗೆ ಹೋದರೆ ನಲ್ಲಿಯ ಹತ್ತಿರ, ಜಪಕ್ಕೆ ಕೂತರೆ ತೊಡೆಯ ಮೇಲೆ, ಬೇರೆ ಮಗುವಿನ ನೆರಳು ಕಂಡರೆ ಸೆರಗಿನೊಳಗೆ. ಬೀದಿಯವರು ಅವಳಿಗೆ ಗೋಂದು ಎಂದೇ ಹೆಸರಿಟ್ಟಿದ್ದರು. ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಟೀಚರಮ್ಮ ನಗುನಗುತ್ತಲೇ, "ಮಗೂನ ಸೇರಿಸ್ಕೋತೀನಿ ಅಜ್ಜಿ, ಸೆರಗನ್ನ ಸೇರಿಸ್ಕೊಳ್ಳೋಕೆ ಆಗಲ್ಲ" ಅಂದರು. ಶಾಲೆ ಶುರುವಾಗುವುದರೊಳಗೆ ಅವಳು ನಾಲ್ಕು ಮಕ್ಕಳ ಜೊತೆ ಬೆರೆಯದಿದ್ದರೆ ಇನ್ನೊಂದು ವರ್ಷ ಮನೆಯಲ್ಲೇ ಎಂದಾಯಿತು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಮಗಳು ಎಲ್ಲದಕ್ಕೂ ಔಷಧ ಇದೆ ಎನ್ನುವವಳು. ಇದಕ್ಕೆ ಸಾಹಸದ ಹುಟ್ಟುಹಬ್ಬವೇ ಮದ್ದು ಎಂದು ಬರೆದುಕೊಟ್ಟು ಡ್ಯೂಟಿಗೆ ಹೋದಳು.

ಬಸ್ಸು ಓಡಿಸುವ ಅಳಿಯ ರಜೆ ಹಾಕಿದ. ನಮ್ಮ ಹಿತ್ತಿಲಿನ ಎರಡು ಮರಗಳ ನಡುವೆ ಹಗ್ಗ ಕಟ್ಟಿ ಸೇತುವೆ ಎಂದ, ತಂತಿಯ ಮೇಲೆ ಹೊದಿಕೆಗಳನ್ನು ಇಳಿಬಿಟ್ಟು ಗುಹೆ ಎಂದ, ಬಟ್ಟೆ ನೆನೆಸುವ ಟಬ್ಬನ್ನು ಬೋರಲು ಹಾಕಿ ಮೊಸಳೆ ಎಂದ, ತಾನು ಕಪ್ಪು ಕಂಬಳಿ ಹೊದ್ದು ಗುಹೆಯ ರಾಕ್ಷಸನಾದ. ಆ ವೇಷಕ್ಕೆ ಅವನು ಹೆಚ್ಚೇನೂ ಕಷ್ಟಪಡಬೇಕಾಗಲಿಲ್ಲ. ಗುಹೆಯೊಳಗೆ ನಿಧಿ ಇಡುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ನಿಧಿ ಎಂದರೆ ಬಂಗಾರದ ಕಾಗದ ಸುತ್ತಿದ, ಮೊಟ್ಟೆಯಾಕಾರದ ಚಾಕಲೇಟು. ವ್ರತ ಹಿಡಿದ ಮೇಲೆ ಮೊಟ್ಟೆ ಬಿಟ್ಟವಳಾದ್ದರಿಂದ ಅಂಗಡಿಯವನನ್ನು ಕೇಳಿ, "ಆಕಾರ ಮಾತ್ರ ಅಮ್ಮ, ದೇವರಾಣೆ" ಎಂದು ಅವನ ಬಾಯಿಂದ ಹೇಳಿಸಿಕೊಂಡೇ ತಂದಿದ್ದೆ. ಆದರೆ ಮನಸ್ಸು ಬಿಟ್ಟರೂ ಕೈ ಬಿಡಬೇಕಲ್ಲ. ಮೊಟ್ಟೆ ಎಂದ ಮೇಲೆ ಪೆಟ್ಟಿಗೆಯೊಳಗೆ ಒಣಹುಲ್ಲು ಹಾಸಬೇಕು, ನಡುವೆ ತಗ್ಗು ಮಾಡಬೇಕು, ಮುಚ್ಚಳ ತೆರೆದು ಕತ್ತಲ ಮೂಲೆಯಲ್ಲಿಡಬೇಕು ಎಂದು ತವರಿನಲ್ಲಿ ಕೋಳಿ ಸಾಕಿ ಕಲಿತ ನನ್ನ ಕೈ, ಬಂಗಾರದ ಕಾಗದವನ್ನು ಲೆಕ್ಕಿಸದೆ ಹಾಗೆಯೇ ಮಾಡಿಬಿಟ್ಟಿತು. ಇಷ್ಟು ಒಪ್ಪವಾದ ಬಾಣಂತಿ ಕೋಣೆಯನ್ನು ಕಂಡು ತಾವು ಗೋಡೆ ಹಾರಿ ಬಂದು ಕಾವಿಗೆ ಕೂತದ್ದರಲ್ಲಿ ತಮ್ಮ ತಪ್ಪು ಎಳ್ಳಷ್ಟೂ ಇಲ್ಲ.

ಬೀದಿಯ ಮಕ್ಕಳು ಬಂದರು. ಗೋಂದು ಸೆರಗಿನೊಳಗೆ ಹೋದಳು. ರಾಕ್ಷಸ ಘರ್ಜಿಸುತ್ತ ಗುಹೆಗೆ ನುಗ್ಗಿದ, ನುಗ್ಗಿದ್ದಕ್ಕಿಂತ ಬೇಗ ಹೊರಗೆ ಬಂದ. "ಅತ್ತೇ, ಒಳಗೆ ಇನ್ಯಾರೋ ಇದಾರೆ" ಎನ್ನುವಷ್ಟರಲ್ಲಿ ತಾವು ಗರಿ ಕೆದರಿಕೊಂಡು ಹೊರಬಂದು, ಅವನ ಹಿಮ್ಮಡಿಯನ್ನು ಬಿಡದೆ ಹಿತ್ತಿಲನ್ನು ಸುತ್ತಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿಸಿದಿರಿ. ಮಕ್ಕಳು ಇದೂ ಆಟವೆಂದು ಚಪ್ಪಾಳೆ ತಟ್ಟಿದರು. ಆಮೇಲೆ ತಾವು ಮಕ್ಕಳ ಕಡೆ ತಿರುಗಿದಿರಿ. "ರಾಕ್ಷಸ ಅಂಕಲ್, ಸ್ವಲ್ಪ ಸರ್ಕೊಳ್ಳಿ" ಎಂದು ಒಬ್ಬೊಬ್ಬರೇ ಅದೇ ಕಲ್ಲನ್ನು ಏರಿದರು. ಹದಿನೆಂಟು ಚಕ್ರದ ಲಾರಿ ಎದುರಿಗೆ ಬಂದರೂ ದಾರಿ ಬಿಡದ ನನ್ನ ಅಳಿಯ ಮಕ್ಕಳ ಹಿಂದೆ ಅವಿತುಕೊಂಡ. ಟೈಲರಮ್ಮ ಗೋಡೆಯ ಮೇಲಿಂದ, "ಮುಟ್ಟಬೇಡ್ರಪ್ಪ, ಕಾವಿಗೆ ಕೂತವಳಿಗೆ ಹುಂಜನೂ ಒಂದೇ, ಡ್ರೈವರೂ ಒಂದೇ" ಎಂದು ಸಮಾಧಾನ ಹೇಳಿದರು. ತಾವು ಗೆದ್ದ ರಾಜರ ಹಾಗೆ ನಡೆದು ಹೋಗಿ ಮತ್ತೆ ನಿಧಿಯ ಮೇಲೆ ಕೂತಿರಿ. ನಾನು ನೆನಪಿಗೆ ಬಂದ ದೇವರನ್ನೆಲ್ಲ ಕರೆದೆ. ಮಕ್ಕಳು ಮನೆಗೆ ಹೋಗುತ್ತೇವೆಂದು ಅಳಲು ಶುರುಮಾಡಿದ್ದರು, ಹೋದರೆ ಮತ್ತೆ ಬರುವವರಲ್ಲ.

ಆಗ ನನ್ನ ಸೆರಗು ಹಗುರಾಯಿತು.

ನೋಡಿದರೆ ಮಗು ಗುಹೆಯ ಬಾಯಲ್ಲಿ ತಮ್ಮೆದುರು ಕುಕ್ಕರಗಾಲಲ್ಲಿ ಕೂತು, "ಅದು ಮೊಟ್ಟೆ ಅಲ್ಲ ಕಣೇ, ಚಾಕಲೇಟು. ಎಷ್ಟು ಕೂತ್ರೂ ಮರಿ ಆಗಲ್ಲ. ಪಾಪ, ನಿಂಗೆ ಯಾರೂ ಹೇಳ್ಲಿಲ್ವಾ" ಎಂದು ತಿಳಿಹೇಳುತ್ತಿದ್ದಳು. ತಾವು ಅವಳ ಮಣಿಕಟ್ಟಿಗೆ ಒಮ್ಮೆ ಕುಕ್ಕಿದಿರಿ. ಅವಳು ಅದನ್ನು ಲಂಗಕ್ಕೆ ಒರೆಸಿಕೊಂಡು, ಎರಡೂ ಕೈ ಅಡಿಗೆ ತೂರಿಸಿ, ತನ್ನ ತೋಳಿಗೆ ಮೀರಿದ ತಮ್ಮನ್ನು ಎತ್ತಿಕೊಂಡು ಬಂದಳು. ತಮ್ಮ ಹೊಟ್ಟೆಯಿಂದ ಕರಗಿದ ನಿಧಿ ತೊಟ್ಟಿಕ್ಕುತ್ತಿತ್ತು. ಬಂಗಾರದ ಕಾಗದ ಗರಿಗರಿಗೂ ಮೆತ್ತಿ, ತಾವು ಮದುವಣಗಿತ್ತಿಯಂತೆ ಹೊಳೆಯುತ್ತಿದ್ದಿರಿ. ಕಲ್ಲು ಖಾಲಿಯಾಯಿತು. ಕೋಳೀನ ನಂಗೂ ಕೊಡೇ, ನಂಗೂ ಕೊಡೇ ಎಂದು ಮುತ್ತಿದ ಮಕ್ಕಳಿಗೆ, ಬೀದಿ ಅದುವರೆಗೆ ಕೇಳಿಯೇ ಇರದ ದನಿಯಲ್ಲಿ ಗೋಂದು, "ಸಾಲಾಗಿ ನಿಲ್ರಿ" ಅಂದಳು. ನಿಂತರು. ಕಂಬಳಿಯ ರಾಕ್ಷಸನೂ ಕೊನೆಯಲ್ಲಿ ನಿಂತ. ತಮ್ಮ ಮೆರವಣಿಗೆ ಹಗ್ಗದ ಸೇತುವೆಯ ಕೆಳಗೆ ನುಸುಳಿ, ಮೊಸಳೆಯನ್ನು ದಾಟಿ, ತಮಗೆ ಸ್ನಾನ ಮಾಡಿಸಲು ಟೈಲರಮ್ಮನ ಹಿತ್ತಿಲಿಗೆ ಹೊರಟುಹೋಯಿತು. ಕೇಕು ಕತ್ತರಿಸಲು ಜನರಿರಲಿಲ್ಲ. ನಾನು ಕೈಯಲ್ಲಿ ಚಾಕು ಹಿಡಿದುಕೊಂಡು ಒಬ್ಬಳೇ ನಗುತ್ತ ನಿಂತಿದ್ದೆ.

ಈಗ ನನ್ನ ದೂರು. ಶಾಲೆ ಶುರುವಾಗಿದೆ, ಮಗು ತಿರುಗಿ ನೋಡದೆ ಒಳಗೆ ಹೋಗುತ್ತಾಳೆ. ಬಂದವಳು ಚೀಲ ಬಿಸಾಡಿ, ಸೈನ್ಯ ಕಟ್ಟಿಕೊಂಡು ತಮ್ಮ ದರ್ಶನಕ್ಕೆ ಓಡುತ್ತಾಳೆ. ನನ್ನ ಸೆರಗಿನ ತುದಿ ಬೆಳಿಗ್ಗೆ ಇಸ್ತ್ರಿ ಮಾಡಿದ್ದು ರಾತ್ರಿಯವರೆಗೂ ಹಾಗೇ ನೆಟ್ಟಗಿರುತ್ತದೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಶಾಲೆಯಲ್ಲೇ ಹೆಡ್‌ಮಾಸ್ತರ ಕೆಲಸ ಒಪ್ಪಿಕೊಳ್ಳಬೇಕು, ಸಂಜೆ ನನಗೆ ಬಿಟ್ಟುಕೊಡಬೇಕು. ಅದಾಗದಿದ್ದರೆ ಇನ್ನೊಂದು ಬಿನ್ನಹ. ಮರಿಗಳಿಗೆ ರೆಕ್ಕೆ ಬಲಿತ ಮೇಲೆ ತಾಯಿಯೇ ಅವನ್ನು ಕುಕ್ಕಿ ದೂರ ಅಟ್ಟುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ನನಗೆ ಅದು ಕೈಲಾಗಲಿಲ್ಲ, ನನ್ನ ಪರವಾಗಿ ತಾವು ಒಂದೇ ಕುಕ್ಕಿನಲ್ಲಿ ಮುಗಿಸಿಕೊಟ್ಟಿರಿ, ಉಪಕಾರವಾಯಿತು. ಆದರೆ ಮರಿಗಳನ್ನು ಅಟ್ಟಿದ ದಿನ ಗೂಡಿಗೆ ಬಂದು ಕೂತಾಗ ರೆಕ್ಕೆಯ ಕೆಳಗೆ ಖಾಲಿಖಾಲಿ ಅನ್ನಿಸುತ್ತದಲ್ಲ, ಅದಕ್ಕೆ ತಾವು ಏನು ಮಾಡುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಬೇಕು.

ತಮ್ಮ ವಿಶ್ವಾಸಿ,
ಗೋಡೆಯ ಈಚೆಗಿನ ಅಜ್ಜಿ

ಮರೆತ ಮಾತು: ತಾವು ಅಷ್ಟು ಶ್ರದ್ಧೆಯಿಂದ ಕಾವು ಕೊಟ್ಟ ನಿಧಿಯಿಂದ ಇದುವರೆಗೆ ಹೊರಬಂದ ಸಂತಾನ ಇರುವೆಗಳು ಮಾತ್ರ, ನನ್ನ ಹಿತ್ತಿಲಿನ ತುಂಬ ಆರೋಗ್ಯವಾಗಿವೆ, ಯಾವಾಗ ಬೇಕಾದರೂ ಬಂದು ಕರೆದುಕೊಂಡು ಹೋಗಬಹುದು. ಉತ್ತರವನ್ನು ಅಳಿಯನ ಕೈಗೆ ಕೊಡಬೇಡಿ, ಅವನು ತಮ್ಮ ಗೋಡೆಯ ಹತ್ತಿರ ಸುಳಿಯುವುದಿಲ್ಲ. ಮೊಮ್ಮಗಳ ಕೈಗೇ ಕೊಟ್ಟು, ಅಜ್ಜಿಗೆ ತಲುಪಿಸಿ ಬಾ ಎಂದು ಇವತ್ತೇ ಕಳಿಸಿ. ಬರೆಯಲು ಏನೂ ತೋಚದಿದ್ದರೆ ಖಾಲಿ ಕಾಗದವಾದರೂ ಆದೀತು.