ನನ್ನ ಬಾವು, ಮಾಸ್ತರರ ಮಾತು

ಮೂವತ್ತು ವರ್ಷ ದವಾಖಾನೆಯಲ್ಲಿ ಡ್ರೆಸ್ಸರ್ ಆಗಿದ್ದೆ. ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ರಿಟೈರಾದ ಮೇಲೂ ಚಂದಾಪುರದ ಬಾತ ಕೈಕಾಲುಗಳು ನನ್ನ ಕಟ್ಟೆಗೇ ಬರುತ್ತಿದ್ದವು. ಆಮೇಲೆ ಪಕ್ಕದ ಮನೆಗೆ ವಿಜ್ಞಾನದ ಮಾಸ್ತರರೊಬ್ಬರು ಬಂದರು. ಅವರೂ ರಿಟೈರಾದವರೇ, ಬಾಯಿ ಮಾತ್ರ ಆಗಿರಲಿಲ್ಲ. ಅಂದಿನಿಂದ ಇಂಥವು ನಡೆಯುತ್ತಲೇ ಇವೆ.

೧. ಕಲ್ಲಿನ ಚೂರು

ಶಹಾಬಾದಿನ ಕಲ್ಲು ಒಡೆಯುವವನೊಬ್ಬ ಬೀಗರ ಮನೆಗೆ ಬಂದಿದ್ದ. ಹೆಬ್ಬೆರಳಲ್ಲಿ ಕಲ್ಲಿನ ಚೂರು. ಬೆರಳು ಬದನೆಕಾಯಿ ಆಗಿತ್ತು. ಚೂರು ತೆಗೆದೆ, ತೊಳೆದೆ, ಕಟ್ಟಿದೆ.

"ಇಷ್ಟ್ಯಾಕ ಬಾತದರಿ?" ಎಂದ.

"ಚುಚ್ಚ್ಯದ, ಬಾತದ" ಎಂದೆ. ಇನ್ನೇನು ಹೇಳುವುದು?

ಗೋಡೆಯಾಚೆ ಮಾಸ್ತರರು ಕೆಮ್ಮಿದರು. ಬೇಕೆಂದೇ ಕೆಮ್ಮಿದ್ದು. ಅವನು ಎದ್ದು ಅಲ್ಲಿಗೆ ಹೋದ.

ಗಾಯವಾದ ಜೀವಕೋಶಗಳು ಕೂಗು ಹಾಕುತ್ತವಂತೆ. ಹುಟ್ಟಿನಿಂದಲೇ ಮೈಯಲ್ಲಿ ಪಹರೆ ಕೂತ ಕೋಶಗಳು ಅದನ್ನು ಕೇಳಿ ಸುದ್ದಿ ಕಳಿಸುತ್ತವಂತೆ. ರಕ್ತನಾಳ ಹಿಗ್ಗುತ್ತದೆ, ನೀರು ಜಿನುಗುತ್ತದೆ, ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಕೆಂಪು, ಬಿಸಿ, ಬಾವು, ನೋವು ಎಲ್ಲ ಆ ಗದ್ದಲದ್ದೇ. ಮಾಸ್ತರರು ಅರ್ಧ ತಾಸು ಹೇಳಿದರು.

ಮರುದಿನ ಅವನು ಒಂದು ಬುಟ್ಟಿ ಸೀತಾಫಲ ತಂದ. ಚೂರು ತೆಗೆದವನು ನಾನು. ಬುಟ್ಟಿ ಹೋದದ್ದು ಆಚೆ ಮನೆಗೆ.

೨. ಜೇನು

ಒಂದು ಮುಂಜಾನೆ ಇಬ್ಬರೂ ಚಿಂಚೋಳಿ ಅಡವಿಯ ಕಡೆ ನಡೆದುಹೋಗಿದ್ದೆವು. ಜೇನು ಎದ್ದವು. ನನಗೆ ಮೂರು ಕಡೆ ಕಚ್ಚಿದವು, ಮಾಸ್ತರರಿಗೆ ಒಂದೇ ಕಡೆ.

ಮಾಸ್ತರರ ಮುಖ ಕುಂಬಳಕಾಯಿ ಆಯಿತು. ದವಾಖಾನೆಯಲ್ಲಿ ಸೂಜಿ ಹಾಕಿಸಿಕೊಂಡು ಬಂದರು. ಓಣಿಗೆ ಓಣಿಯೇ ನೋಡಲು ಹೋಯಿತು. ನನ್ನ ಹೆಂಡತಿ ಜೋಳದ ಗಂಜಿ ಒಯ್ದಳು.

ನನಗೂ ಮೂರು ಕಚ್ಚ್ಯಾವ ಎಂದು ತೋಳು ಚಾಚಿದೆ.

"ಎಲ್ಲ್ಯಾವರಿ?" ಎಂದು ಹುಡುಕಿದಳು. ಸಂಜೆಯೊಳಗೆ ಎಲ್ಲ ಇಳಿದುಹೋಗಿತ್ತು.

ಮಾಸ್ತರರು ಬಾತ ತುಟಿಯಲ್ಲೇ ಸಮಾಧಾನ ಹೇಳಿದರು. ಪಹರೆಯವರನ್ನು ಎಬ್ಬಿಸುವುದಷ್ಟೇ ಅಲ್ಲ, ಸಾಕು ಎಂದು ಕೂರಿಸುವುದೂ ಮೈಗೆ ಗೊತ್ತಿರಬೇಕಂತೆ. ನನ್ನ ಮೈಗೆ ಅದು ಚೆನ್ನಾಗಿ ಗೊತ್ತಂತೆ.

ಜನ್ಮದಲ್ಲಿ ಒಮ್ಮೆ ನನ್ನನ್ನು ಹೊಗಳಿದರು. ತೋರಿಸಲು ಏನೂ ಉಳಿದಿರಲಿಲ್ಲ.

೩. ಕಾಲಿನ ಹೆಬ್ಬೆರಳು

ಒಂದು ದಿನ ಏಳುವಷ್ಟರಲ್ಲಿ ನನ್ನ ಬಲಗಾಲಿನ ಹೆಬ್ಬೆರಳು ಕೆಂಪಗೆ ಬಾತಿತ್ತು. ಧೋತರದ ಅಂಚು ತಗಲಿದರೂ ಜೀವ ಹೋಗುತ್ತಿತ್ತು. ಗಾಯವಿಲ್ಲ, ಮುಳ್ಳಿಲ್ಲ. ಡಾಕ್ಟರು ಗೌಟ್ ಎಂದರು, ಗುಳಿಗೆ ಕೊಟ್ಟರು. ಏನೂ ಚುಚ್ಚದೆ ಯಾಕೆ ಬಾತಿತು ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿಯನ್ನು ಕರೆದರು.

ಕೇಳಲು ಊರಲ್ಲಿ ಉಳಿದವರು ಒಬ್ಬರೇ. ಎರಡು ದಿನ ಹಲ್ಲು ಕಚ್ಚಿ ಮಲಗಿದೆ. ಮೂರನೆಯ ದಿನ ಗೋಡೆಯಾಚೆ ಮಾಸ್ತರರು ತೆಂಗಳಿ ಊರಿನವನೊಬ್ಬನಿಗೆ ಗೌಟ್ ವಿಷಯವನ್ನೇ ಹೇಳುತ್ತಿದ್ದರು. ಕುಂಟುತ್ತ ಹೋಗಿ ಗೋಡೆಗೆ ಕಿವಿ ಹಚ್ಚಿದೆ. ಅಷ್ಟರಲ್ಲಿ ಮಾತು ಮುಗಿದಿತ್ತು.

"ಮಾಸ್ತರ್, ಒಂದೀಟು ಬರ್ರಿ" ಎಂದೆ. ಆ ಮೂರು ಮಾತಿಗೆ ಬೆರಳಿಗಿಂತ ಹೆಚ್ಚು ನೋವಾಯಿತು.

ಬಂದರು. ನೆಲಕ್ಕೆ ಕೂತು ಬೆರಳು ನೋಡಿದರು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾದರೆ ಕೀಲಿನಲ್ಲಿ ಸೂಜಿಯಂಥ ಹರಳು ಕೂರುತ್ತದಂತೆ. ಪಹರೆಯ ಕೋಶಗಳು ಅದನ್ನು ನುಂಗಿ ಕೆರಳುತ್ತವಂತೆ.

"ವೈರಿ ಯಾರೂ ಇಲ್ಲರಿ" ಎಂದರು. "ಮಗ್ಗಲಾಗ ಏನೋ ಬಂದು ಕುಂತದಂತ ಸುಮ್ನ ಬೆಂಕಿ ಹಚ್ಕೊಂಡಾವ."

ಹೆಂಡತಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇಳೀತದೇನು?" ಎಂದು ಕೇಳಿದೆ.

ತಾನಾಗಿ ಇಳಿಯುತ್ತದಂತೆ. ಹಚ್ಚಿದವರೇ ಆರಿಸುತ್ತಾರಂತೆ. ಎಂಟು ಹತ್ತು ದಿನ ಅಷ್ಟೆ.

ಹೆಂಡತಿ ಮೊದಲ ಕಪ್ಪು ಮಾಸ್ತರರಿಗೆ ಕೊಟ್ಟಳು.

"ಬೆರಳಂತೂ ಇಳೀತದ ಬಿಡ್ರಿ ಮಾಸ್ತರ್" ಎಂದಳು. "ನೀವು ಮಗ್ಗಲ ಮನಿಗಿ ಬಂದಾಗಿಂದ ಇವರು ಮೈಯೆಲ್ಲ ಬಾತು ಕುಂತಾರ. ಅದು ಯಾವಾಗ ಇಳೀತದ, ಹೇಳ್ರಿ."